ಯಜಮಾನಿಯ ನಿದ್ದೆ

ಅವತ್ತು ಬೆಳಗ್ಗೆ ಮೈಕಣ್ಣನ ಬೆಕ್ಕು ಏಳಲಿಲ್ಲ.

ಬೆಕ್ಕಿನ ಕೆಲಸವೇ ಮಲಗುವುದು, ಅದರಲ್ಲೇನು ವಿಶೇಷ ಅನ್ನಬಹುದು. ಆದರೆ ಈ ಬೆಕ್ಕು ಅಂಥದ್ದಲ್ಲ. ದಿನಾ ಆರೂವರೆಗೆ ಸರಿಯಾಗಿ ಮೈಕಣ್ಣನ ಎದೆ ಹತ್ತಿ ಕೂತು, ಮೂಗಿನ ಮೇಲೆ ಎರಡು ಸಲ ಮೆತ್ತಗೆ ತಟ್ಟಿ, ಮೂರನೇ ಸಲಕ್ಕೆ ಉಗುರು ತೋರಿಸುತ್ತಿತ್ತು. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಈ ದರ್ಬಾರು ನೋಡಿಯೇ ಅವನು ಅದಕ್ಕೆ ‘ಯಜಮಾನಿ’ ಎಂದು ಹೆಸರಿಟ್ಟಿದ್ದ.

ಮೈಕಣ್ಣ ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಯಾವ ಗಾಡಿ ಎಷ್ಟು ಗಂಟೆಗೆ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವವನು. ಅವನ ದನಿ ಬೆಚ್ಚಗಿನ ಕಂಬಳಿಯಂಥದ್ದು. ಗಾಡಿ ಎರಡು ಗಂಟೆ ತಡ ಎಂದು ಅವನು ಹೇಳಿದರೆ, ಜನ ಬೈಯುವುದು ಬಿಟ್ಟು ಕಾಲು ಚಾಚಿ ಕೂರುತ್ತಿದ್ದರು. ಆದರೆ ದಿನಕ್ಕೆ ಸಾವಿರಾರು ಜನರ ಜೊತೆ ಮಾತಾಡುವ ಅವನಿಗೆ ತಿರುಗಿ ಉತ್ತರ ಕೊಡುವವರು ಒಬ್ಬರೂ ಇರಲಿಲ್ಲ. ವಯಸ್ಸು ನಲವತ್ತೇಳು, ಮದುವೆ ಆಗಿಲ್ಲ. ಸಂಜೆ ಮನೆಗೆ ಬಂದು ‘ಇವತ್ತು ಪ್ಯಾಸೆಂಜರ್ ಗಾಡಿ ಲೇಟು ಕಣೇ’ ಎಂದರೆ ‘ಮ್ಯಾ’ ಅನ್ನುತ್ತಿದ್ದವಳು ಯಜಮಾನಿಯೊಬ್ಬಳೇ.

ಅಂಥವಳು ಈಗ ಕಿಟಕಿ ಕೆಳಗೆ, ಹಾಲಿನ ಬಣ್ಣದ ಬೆಳಕಿನಲ್ಲಿ, ಒದ್ದೆ ಕಾಲುಚೀಲದ ಹಾಗೆ ಬಿದ್ದಿದ್ದಳು. ಕರೆದರೆ ಕಿವಿ ಅಲುಗಲಿಲ್ಲ. ಮೀನಿನ ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದರೆ ಮೀಸೆ ಒಂದು ಸಲ ನಡುಗಿ ಸುಮ್ಮನಾಯಿತು.

ಮೈಕಣ್ಣ ಮೆಟ್ಟಿಲಿಗೆ ಓಡಿಬಂದು “ಯಾರಾದ್ರೂ ಬನ್ನಿ!” ಎಂದದ್ದೇ ತಡ, ಕೆಳಗಿನ ಮನೆಯ ಕಾಂಪೌಂಡರ್ ಮಾವ ಬಾಯಿಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡೇ ಹತ್ತಿಬಂದರು. ಮಾವ ರಿಟೈರಾಗಿ ಹನ್ನೆರಡು ವರ್ಷವಾಗಿತ್ತು, ಆದರೆ ಕಾಯಿಲೆ ಕಂಡರೆ ಕೈ ಇನ್ನೂ ತುರಿಸುತ್ತಿತ್ತು.

“ನಾಲಿಗೆ ತೋರ್ಸು,” ಎಂದರು ಬೆಕ್ಕಿಗೆ.

ಬೆಕ್ಕು ತೋರಿಸಲಿಲ್ಲ. ಮೈಕಣ್ಣ ಗಾಬರಿಯಲ್ಲಿ ತನ್ನ ನಾಲಿಗೆಯನ್ನೇ ಚಾಚಿದ.

ಮಾವ ಅದನ್ನೇ ಕೂಲಂಕಷವಾಗಿ ನೋಡಿ, “ಪಿತ್ತ,” ಎಂದು ತೀರ್ಪು ಕೊಟ್ಟರು.

ಅಷ್ಟರಲ್ಲಿ ಮೇಲಿನ ಮನೆಯ ವಯೋಲಿನ್ ಟೀಚರು ಇಳಿದು ಬಂದರು. ಬೆಕ್ಕಿನ ಪಕ್ಕ ಮಂಡಿಯೂರಿ, ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳಿ, “ಇದು ಮೈಯ ಕಾಯಿಲೆ ಅಲ್ಲ, ಮನಸ್ಸಿಂದು. ಶ್ರುತಿ ಇಳಿದುಹೋಗಿದೆ. ಎರಡೇ ನಿಮಿಷ ಇರಿ,” ಎಂದು ಹೋಗಿ ವಯೋಲಿನ್ ತಂದರು.

ಅವರು ಕಣ್ಣು ಮುಚ್ಚಿ ನುಡಿಸತೊಡಗಿದರು. ಕಿಟಕಿಯ ಪರದೆ ಉಸಿರಾಡುವ ಹಾಗೆ ಉಬ್ಬಿ ಇಳಿಯುತ್ತಿತ್ತು. ಬೆಳಕಿನಲ್ಲಿ ದೂಳಿನ ಕಣಗಳು ಎಲ್ಲಿಗೂ ಹೋಗುವ ಆತುರವಿಲ್ಲದೆ ತೇಲುತ್ತಿದ್ದವು. ಮೈಕಣ್ಣನಿಗೆ ತಾನು ಚಿಕ್ಕವನಾಗಿದ್ದಾಗ ನೋಡಿದ್ದ ಯಾವುದೋ ಕೆರೆ ನೆನಪಾಯಿತು, ಅದರ ಮೇಲೆ ಒಂದು ದೋಣಿ, ದೋಣಿಯಲ್ಲಿ ಯಜಮಾನಿ ಟೋಪಿ ಹಾಕಿಕೊಂಡು...

ಎಚ್ಚರವಾದಾಗ ಗಂಟೆ ಒಂಬತ್ತೂ ಕಾಲು. ಕಾಂಪೌಂಡರ್ ಮಾವ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಬೆಕ್ಕು ಹಾಗೇ ಇತ್ತು. ಟೀಚರು ಇನ್ನೂ ನುಡಿಸುತ್ತಲೇ ಇದ್ದರು.

ಒಂಬತ್ತೂವರೆಗೆ ಮೊದಲ ಗಾಡಿ! ಮೈಕಣ್ಣ ಯಜಮಾನಿಯನ್ನು ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಒಂದು ಟವೆಲು ಹೊದಿಸಿ, ಸ್ಟೇಷನ್ನಿಗೆ ಓಡಿದ. ಅವರ ಬೀದಿ ದಾಟಿದರೆ ಸ್ಟೇಷನ್ನು. ಪ್ರಾಣಿಗಳ ಡಾಕ್ಟರು ಅದರ ಹಿಂದಿನ ರಸ್ತೆಯಲ್ಲೇ ಇದ್ದರು, ಆದರೆ ಬಾಗಿಲು ತೆಗೆಯುವುದು ಹನ್ನೆರಡಕ್ಕೆ.

ಬಾಗಿಲಲ್ಲೇ ಸ್ಟೇಷನ್ ಮಾಸ್ತರರು ಎದುರಾದರು.

“ಸಾರ್, ಮಧ್ಯಾಹ್ನ ಸ್ವಲ್ಪ ರಜ ಬೇಕು. ಯಜಮಾನಿಗೆ ಹುಷಾರಿಲ್ಲ.”

ಮಾಸ್ತರರ ಹುಬ್ಬು ಟೋಪಿಯೊಳಗೆ ಹೋಯಿತು. “ಯಜಮಾನಿನಾ? ಮದುವೆ ಯಾವಾಗಯ್ಯ ಆಯ್ತು? ನಮಗೊಂದು ಮಾತೂ ಹೇಳ್ಲಿಲ್ವಲ್ಲ!”

“ಮದುವೆ ಏನಿಲ್ಲ ಸಾರ್. ಆರು ವರ್ಷದ ಹಿಂದೆ ಚರಂಡಿ ಹತ್ರ ಸಿಕ್ಕಿದ್ಲು. ಮನೆಗೆ ಕರ್ಕೊಂಡು ಬಂದೆ.”

ಮಾಸ್ತರರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಅದನ್ನ ಯಾರ ಹತ್ರಾನೂ ಹೇಳ್ಬೇಡ. ಈಗೆಲ್ಲಿದ್ದಾರೆ?”

“ಈ ಬುಟ್ಟೀಲಿ ಸಾರ್.”

ವಿಷಯ ಬೆಕ್ಕೆಂದು ತಿಳಿಯುವ ಹೊತ್ತಿಗೆ ಮಾಸ್ತರರ ಮುಖ ಸಿಗ್ನಲ್ ದೀಪದ ಮೂರೂ ಬಣ್ಣ ತಿರುಗಿ ಬಂದಿತ್ತು. ಕೊನೆಗೆ ಕೆಂಪಿನಲ್ಲಿ ನಿಂತಿತು. “ನೋಡಯ್ಯ, ಮೇಲಿನ ಆಫೀಸಿಂದ ಮೆಷಿನ್ ಬಂದು ಕೂತಿದೆ. ಗುಂಡಿ ಒತ್ತಿದ್ರೆ ಅದೇ ಅನೌನ್ಸ್ ಮಾಡುತ್ತೆ. ಅದಕ್ಕೆ ಬೆಕ್ಕೂ ಇಲ್ಲ, ರಜಾನೂ ಇಲ್ಲ. ನಿನ್ನ ದನಿ ಚೆನ್ನಾಗಿದೆ ಅಂತ ನಾನೇ ತಡೆದು ಇಟ್ಕೊಂಡಿದೀನಿ. ಒಂದು ತಪ್ಪಾದ್ರೂ ಡಬ್ಬಿ ಬಿಚ್ತೀನಿ, ಅಷ್ಟೇ.”

ಮೈಕಣ್ಣ ಗೂಡಿನಂಥ ತನ್ನ ಕೋಣೆಗೆ ಹತ್ತಿಹೋಗಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡ. ಕಣ್ಣೆಲ್ಲ ಬುಟ್ಟಿಯ ಮೇಲೆ, ಬಾಯಿ ಮಾತ್ರ ಮೈಕಿನ ಮುಂದೆ.

“ಪ್ರಯಾಣಿಕರ ಗಮನಕ್ಕೆ. ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿರುವ ಗಾಡಿಯು ಬೆಳಗ್ಗೆಯಿಂದ ಏನೂ ತಿಂದಿಲ್ಲ.”

ಕೆಳಗೆ ತಲೆಗಳೆಲ್ಲ ಸ್ಪೀಕರಿನ ಕಡೆ ತಿರುಗಿದವು. ಮೈಕಣ್ಣ ಬೆಚ್ಚಿ ತಿದ್ದಿಕೊಂಡ: “ಕ್ಷಮಿಸಿ. ಸದರಿ ಗಾಡಿಯ ಮೂಗು ತಣ್ಣಗಿದೆ, ಉಸಿರಾಟ ಸರಿಯಾಗಿದೆ.”

ಯಾರೋ ಪುಣ್ಯಾತ್ಗಿತ್ತಿ ಗಾಡಿ ಬಂದು ನಿಂತ ಮೇಲೆ ಎಂಜಿನ್ನಿನ ಕಿಟಕಿಗೆ ಕೈ ಚಾಚಿ ಡ್ರೈವರಿಗೆ ಎರಡು ಬಿಸ್ಕತ್ತು ಕೊಟ್ಟು ಹೋದಳಂತೆ. ಮಾಸ್ತರರು ಪ್ಲಾಟ್‌ಫಾರ್ಮಿನಿಂದಲೇ ಮೇಲೆ ನೋಡಿ ಒಂದು ಬೆರಳೆತ್ತಿ ತೋರಿಸಿದರು. ಅಂದರೆ, ಇದು ಮೊದಲನೇದು, ಇದೇ ಕೊನೇದು.

ಹನ್ನೆರಡಕ್ಕೆ ಪ್ರಾಣಿ ಡಾಕ್ಟರು ಯಜಮಾನಿಯನ್ನು ಮೇಜಿನ ಮೇಲೆ ಉದ್ದುದ್ದ ಮಲಗಿಸಿ ನೋಡಿದರು. ಹೊಟ್ಟೆ ಅಮುಕಿದರು, ಕಣ್ಣರೆಪ್ಪೆ ಎತ್ತಿದರು, ಬಾಲ ಹಿಡಿದು ಬಿಟ್ಟರು. ಬಾಲ ಹಗ್ಗದ ಹಾಗೆ ಬಿತ್ತು.

“ಜ್ವರ ಇಲ್ಲ. ಎದೆ ಸರಿ. ಹೊಟ್ಟೆ ಸರಿ. ಏನು ಅಂತ ಗೊತ್ತಾಗ್ತಿಲ್ವಲ್ಲ...” ಡಾಕ್ಟರು ಗಲ್ಲ ಕೆರೆದುಕೊಂಡರು. “ಮನೇಲಿ ಯಾರ್ಯಾರಿದ್ದೀರಿ?”

“ನಾನು, ಅವಳು.”

“ಮಾತಾಡ್ತೀರಾ ಇದರ ಜೊತೆ?”

“ದಿನಾ ಒಂದೆರಡು ಗಂಟೆ. ಭಾನುವಾರ ಜಾಸ್ತಿ.”

ಡಾಕ್ಟರಿಗೆ ದಾರಿ ಕಂಡಿತು. “ಹಾಗೆ ಹೇಳಿ! ಕೇಳಿ ಕೇಳಿ ದಣಿದಿದೆ ಪಾಪ. ನಿಮ್ಮ ದನಿ ಬೇರೆ ಜೋಗುಳದ ಹಾಗಿದೆ, ನನಗೇ ಆಕಳಿಕೆ ಬರ್ತಿದೆ. ಒಂದು ವಾರ ಇದರ ಜೊತೆ ಮಾತಾಡ್ಬೇಡಿ.”

ಮೈಕಣ್ಣ ಬುಟ್ಟಿ ಎತ್ತಿಕೊಂಡು ಹೊರಗೆ ಬಂದ. ಮಧ್ಯಾಹ್ನದ ಬೀದಿ ನೀರಿನಡಿ ಇದ್ದ ಹಾಗೆ ನಿಶ್ಶಬ್ದವಾಗಿತ್ತು. ಸೈಕಲ್ಲೊಂದು ಗಂಟೆ ಬಾರಿಸದೆ ತೇಲಿಹೋಯಿತು. ತನ್ನ ದನಿಯೇ ತನ್ನ ಬೆಕ್ಕಿಗೆ ಮುಳುವಾಯಿತೇ? ಇಪ್ಪತ್ತೆರಡು ವರ್ಷ ಆ ದನಿಯೊಂದನ್ನೇ ನಂಬಿ ಬದುಕಿದ್ದ. ‘ಹೆದರಬೇಡ ಕಣೇ’ ಎನ್ನಲು ಬಾಯಿ ತೆರೆದವನು ಡಾಕ್ಟರ ಮಾತು ನೆನಪಾಗಿ ಮುಚ್ಚಿಕೊಂಡ. ಮಧ್ಯಾಹ್ನದ ಎರಡು ಗಾಡಿಗಳನ್ನು ಪಿಸುದನಿಯಲ್ಲಿ ಹೇಳಿ ಮುಗಿಸಿದ. ಜನ ಸ್ಪೀಕರಿನ ಕೆಳಗೆ ಕಿವಿಗೆ ಅಂಗೈ ಆನಿಸಿ ನಿಂತು ಕೇಳಿದರು.

ಮುಂದಿನ ಗಾಡಿ ಐದೂ ನಲವತ್ತಕ್ಕೆ. ನಾಲ್ಕರ ಹೊತ್ತಿಗೆ ಅವನು ಬುಟ್ಟಿ ಹೊತ್ತು ಮನೆ ಮೆಟ್ಟಿಲು ಹತ್ತುತ್ತಿದ್ದಾಗ, ಒಳಗಿನಿಂದ ಒಂದು ಕಿವಿ ಎದ್ದಿತು. ಆಮೇಲೆ ಇನ್ನೊಂದು. ಯಜಮಾನಿ ತಲೆ ಹೊರಗೆ ಹಾಕಿ, ಇದು ಯಾವ ಊರು ಎನ್ನುವಂತೆ ನೋಡಿ, ದೊಪ್ಪೆಂದು ಇಳಿದು, ಹಡಗಿನ ಮೇಲೆ ನಡೆಯುವವಳ ಹಾಗೆ ವಾಲುತ್ತ ಎದುರು ಮನೆಯ ಬಾಗಿಲಿಗೆ ಹೋದಳು. ಅಲ್ಲಿ ಗೋಡೆ ಪಕ್ಕ ಒಂದು ತಟ್ಟೆ. ತಟ್ಟೆಯಲ್ಲಿ ಒಣಗಿದ ಹಾಲು. ಹಾಲಿನ ನಡುವೆ ಅರ್ಧ ಕರಗಿದ ಒಂದು ಬಿಳಿ ಗುಳಿಗೆ.

ಎದುರು ಮನೆಯಲ್ಲಿ ಒಬ್ಬರು ಅಜ್ಜಿ, ಅವರ ಸೊಸೆ. ಸೊಸೆ ಒಳಕೋಣೆಯಲ್ಲಿ ಮಿಷಿನ್ನಿಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಮೈಕಣ್ಣ ತಟ್ಟೆ ಹಿಡಿದು ಒಳಗೆ ಹೋದಾಗ ಅಜ್ಜಿ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ತಟ್ಟೆ ನೋಡಿದ್ದೇ ಮುಖ ಬಿಳುಚಿತು.

“ಮೆತ್ತಗೆ ಮಾತಾಡು ಮಗಾ, ಅವಳಿಗೆ ಕೇಳುತ್ತೆ!”

“ಅಜ್ಜೀ, ಏನಿದು?”

“ನಿದ್ದೆ ಗುಳಿಗೆ ಕಣೋ. ನಿನ್ನೆಯಿಂದ ಶುರು ಮಾಡಿದ್ದಾಳೆ. ನಾಲ್ಕು ಗಂಟೆಗೆ ನುಂಗಿ ಮಲಗ್ಬೇಕಂತೆ. ಎದ್ದಿದ್ರೆ ನಾನು ಮಾತಾಡ್ತೀನಂತೆ, ನಾನು ಮಾತಾಡಿದ್ರೆ ಅವಳು ತೋಳಿನ ಜಾಗಕ್ಕೆ ಕಾಲರ್ ಹೊಲೀತಾಳಂತೆ. ನಾನು ನುಂಗಿದ ಹಾಗೆ ಮಾಡಿ ನಿನ್ನ ಬೆಕ್ಕಿನ ಹಾಲಿಗೆ ಹಾಕ್ಬಿಟ್ಟೆ. ಬೆಕ್ಕು ಹೇಗೂ ಮಲಗೇ ಇರುತ್ತಲ್ಲ, ಯಾರಿಗೆ ಗೊತ್ತಾಗುತ್ತೆ ಅಂತ...”

ಮೈಕಣ್ಣ ತಟ್ಟೆಯನ್ನು ಅಜ್ಜಿಯ ಮೂಗಿನ ಮುಂದೆ ಹಿಡಿದ. “ಬೆಕ್ಕು ಸತ್ತೇ ಹೋಗಿದ್ರೆ? ಒಂದು ದಿನ ನಿದ್ದೆ ಮಾಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತಜ್ಜಿ?”

ಅಜ್ಜಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಸ್ಟೇಷನ್ನಿನ ಚಾವಣಿ, ಅದರ ಮೇಲಿನ ಸ್ಪೀಕರು ಕಾಣುತ್ತಿತ್ತು.

“ಮಲಗಿಬಿಟ್ರೆ ಐದೂ ನಲವತ್ತು ತಪ್ಪಿಹೋಗುತ್ತೆ ಮಗಾ. ನೀನು ಆ ಊರುಗಳ ಹೆಸರೆಲ್ಲ ಒಂದೊಂದಾಗಿ ಹೇಳ್ತೀಯಲ್ಲ, ನಾನು ಇಲ್ಲಿ ಕೂತು ಒಂದೊಂದು ಊರಲ್ಲೂ ಇಳಿದು ಹತ್ತಿ ಬರ್ತೀನಿ. ಮೂರನೇ ಊರಲ್ಲಿ ಸೇತುವೆ ಇದೆ ಅಂದ್ಕೊಂಡಿದೀನಿ. ಇದೆಯಾ?”

“ಇದೆ,” ಎಂದ ಮೈಕಣ್ಣ. ಅವನು ಆ ಊರನ್ನು ನೋಡಿಯೇ ಇರಲಿಲ್ಲ. ಕೋಪ ಬೆಣ್ಣೆಯ ಹಾಗೆ ಕರಗಿತು. ಇಷ್ಟು ವರ್ಷ ಗಾಳಿಗೆ ಹೇಳಿದೆ ಅಂದುಕೊಂಡಿದ್ದನ್ನೆಲ್ಲ ಇಲ್ಲಿ ಒಬ್ಬರು ಕೂತು ಕೇಳಿದ್ದರು.

“ಸೊಸೆಗೆ ಹೇಳ್ಬೇಡಪ್ಪ. ಇನ್ಮೇಲೆ ಬೆಕ್ಕಿನ ತಟ್ಟೆ ಮುಟ್ಟಲ್ಲ.”

“ಹೇಳಲ್ಲ ಅಜ್ಜಿ. ಇವತ್ತು ನಿಮಗೋಸ್ಕರಾನೇ ನಿಧಾನವಾಗಿ ಹೇಳ್ತೀನಿ, ಕೇಳಿ.”

ಅಷ್ಟರಲ್ಲಿ ಸೊಸೆ ಬಂದು, ಹಬೆಯಾಡುವ ದೊಡ್ಡ ಲೋಟ ಹಾಲನ್ನು ಅಜ್ಜಿಯ ಮುಂದಿಟ್ಟು, “ಪೂರ್ತಿ ಕುಡೀಬೇಕು ಅತ್ತೆ,” ಎಂದು ಹೋದಳು. ಅಜ್ಜಿ ಅವಳ ಬೆನ್ನನ್ನೇ ನೋಡಿದರು. ಆಮೇಲೆ ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಸೆರಗು ಹಿಡಿದು ನಕ್ಕರು.

“ಗುಳಿಗೆ ಕೊಡೋದನ್ನೇ ಮರೆತಳು ನೋಡು! ಬರೀ ಹಾಲು ಕೊಟ್ಟು ಹೋದ್ಲು. ತಗೋ, ಇದು ನಿನಗೆ. ಬೆಳಗ್ಗೆಯಿಂದ ಏನೂ ತಿಂದ ಹಾಗಿಲ್ಲ ನೀನು. ಗಂಟಲಿಗೂ ಒಳ್ಳೇದು.”

ನಿಜವಾಗಿಯೂ ಅವನು ಏನೂ ತಿಂದಿರಲಿಲ್ಲ. ಹಾಲು ಬಿಸಿಯಾಗಿತ್ತು, ಸಿಹಿಯಾಗಿತ್ತು. ಲೋಟ ತಿರುವಿ ಕೊನೆಯ ಹನಿಯವರೆಗೂ ಕುಡಿದ.

ಐದೂವರೆಗೆ ಮೈಕಣ್ಣ ಮೈಕಿನ ಮುಂದೆ ಕೂತಾಗ ಲೋಕವೆಲ್ಲ ಸರಿಹೋಗಿತ್ತು. ಯಜಮಾನಿ ಬುಟ್ಟಿಯಿಂದ ಹೊರಬಂದು ಮೇಜಿನ ಮೇಲೆ ಮೈ ನೆಕ್ಕಿಕೊಳ್ಳುತ್ತಿದ್ದಳು. ಕಿಟಕಿಯಾಚೆ ಹಳಿಗಳು ಸಂಜೆಯ ಬೆಳಕಿನಲ್ಲಿ ಎರಡು ಚಿನ್ನದ ದಾರದಂತೆ ದೂರ ದೂರ ಹೋಗಿ ಒಂದಾಗುತ್ತಿದ್ದವು. ಅವನಿಗೆ ಯಾಕೋ ಎಲ್ಲರ ಮೇಲೂ ಪ್ರೀತಿ ಬಂತು, ಮಾಸ್ತರರ ಮೇಲೂ. ಮೈಕಿನ ಗುಂಡಿ ಒತ್ತಿದ.

“ಪ್ರಯಾಣಿಕರ... ಗಮನಕ್ಕೆ. ಐದೂ ನಲವತ್ತರ ಗಾಡಿ... ಮೊದಲನೇ ಪ್ಲಾಟ್‌ಫಾರ್ಮಿಗೆ... ಬರುತ್ತಾ ಇದೆ. ಅವಸರ ಇಲ್ಲ. ಅದು... ಬರುತ್ತೆ. ಮೂರನೇ ಊರಲ್ಲಿ... ಒಂದು ಸೇತುವೆ ಇದೆ. ಕೆಳಗೆ ನೀರು... ನೀರಿನ ಮೇಲೆ... ದೋಣಿ...”

ಬೆಂಚುಗಳ ಮೇಲೆ ತಲೆಗಳು ಒಂದೊಂದಾಗಿ ಪಕ್ಕದವರ ಹೆಗಲಿಗೆ ವಾಲಿದವು. ಒಬ್ಬ ಕೂಲಿ ತಾನು ಹೊತ್ತಿದ್ದ ಹಾಸಿಗೆಯ ಸುರುಳಿಯನ್ನು ಕೆಳಗಿಳಿಸಿ ಅದರ ಮೇಲೇ ಮಲಗಿದ. ಸ್ಪೀಕರಿನಲ್ಲಿ ಮಾತು ನಿಂತು, ಹಿತವಾದ ಒಂದು ಗೊರಕೆ ಊರ ಮೇಲೆಲ್ಲ ಹರಡಿತು. ಗಾಡಿ ಬಂತು, ನಿಂತಿತು, ಅರ್ಧ ಜನರನ್ನು ಬೆಂಚಿನ ಮೇಲೇ ಬಿಟ್ಟು ಹೊರಟುಹೋಯಿತು.

ಮಾಸ್ತರರು ಮೆಷಿನ್ನಿನ ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ, ಮೈಕಣ್ಣನ ತಲೆ ಮೇಜಿನ ಮೇಲಿತ್ತು. ಯಜಮಾನಿ ಅವನ ಮೂಗಿನ ಮೇಲೆ ಎರಡು ಸಲ ತಟ್ಟಿ ನೋಡಿದಳು. ಏಳಲಿಲ್ಲ. ಮೂರನೇ ಸಲಕ್ಕೆ ಉಗುರನ್ನೂ ತೋರಿಸಿದಳು. ಆಗಲೂ ಏಳಲಿಲ್ಲ. ದಿಕ್ಕು ತೋಚದೆ, ಎದುರಿಗಿದ್ದ ಮೈಕಿಗೆ ಬಾಯಿ ಹಚ್ಚಿ ಸಹಾಯಕ್ಕಾಗಿ ಕೂಗಿಕೊಂಡಳು.

“ಮ್ಯಾ... ವ್!”

ಬೀದಿಯಾಚೆಯ ಮನೆಯಲ್ಲಿ ಸೊಸೆ ಹೊಲಿಗೆ ನಿಲ್ಲಿಸಿ ಇಣುಕಿ ನೋಡಿದಳು. ಅತ್ತೆ ಕಣ್ಣು ಅರಳಿಸಿಕೊಂಡು ಕಿಟಕಿಯಲ್ಲಿ ಕೂತಿದ್ದರು.

“ಹಾಲು ಪೂರ್ತಿ ಕುಡಿದ್ರಾ ಅತ್ತೆ?”

“ಒಂದು ಹನಿ ಬಿಟ್ಟಿಲ್ಲ ಕಣೇ.”

ಗುಳಿಗೆ ಕೊಟ್ಟರೆ ಎಲ್ಲಿ ಉಗುಳಿಬಿಡುತ್ತಾರೋ ಎಂದು ಹಾಲಿನಲ್ಲೇ ಕರಗಿಸಿ ಕೊಟ್ಟರೂ ಈ ಮುದುಕಿಗೆ ನಿದ್ದೆ ಬರಲಿಲ್ಲವಲ್ಲ ಎಂದು ಸೊಸೆಗೆ ಆಶ್ಚರ್ಯವಾಯಿತು. ನಾಳೆಯಿಂದ ಒಂದೂವರೆ ಹಾಕಬೇಕು ಎಂದುಕೊಂಡು ಒಳಗೆ ಹೋದಳು.

ಅಜ್ಜಿಗೆ ಅದು ಕೇಳಿಸುವಂತಿರಲಿಲ್ಲ. ಅವರು ಕಿಟಕಿಯಿಂದ ಮುಂದಕ್ಕೆ ಬಾಗಿ ಸ್ಪೀಕರಿಗೆ ಕಿವಿಗೊಟ್ಟಿದ್ದರು. ಇನ್ನೊಂದು ಸಲ ‘ಮ್ಯಾವ್’ ಎಂದು ಕೇಳಿಬಂತು. ಅವರ ಕಣ್ಣು ತುಂಬಿತು.

“ಅಯ್ಯೋ ಪಾಪ, ಹುಡುಗನ ಗಂಟಲೇ ಕಟ್ಟಿಹೋಗಿದೆ,” ಎಂದರು ಅಜ್ಜಿ. “ಇನ್ನು ದಿನಾ ನನ್ನ ಹಾಲು ಅವನಿಗೇ ಕೊಡ್ತೀನಿ.”