ಕಾರಿನ ಹಣೆಗೆ ಕುಂಕುಮ

ಕಾರಿಗೆ ಪೂಜೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಅಮೆರಿಕದ ನಮ್ಮ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸಿನಲ್ಲೇ ಇಲ್ಲ ಎಂಬುದು ನನ್ನ ವಿನಮ್ರ ಅಭಿಪ್ರಾಯವಾಗಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷಿನಲ್ಲೇ ಸೀನುವವಳು, ಎಲ್ಲ ನಿಜ. ಆದರೆ ಆಯುಧಪೂಜೆಯ ದಿನ ನನ್ನೊಳಗಿನ ಉಡುಪಿ ಎದ್ದು ಕೂರುತ್ತದೆ.

ಮಗಳು ಶುಭಾ ತನ್ನ ಕಾರನ್ನು ನಮಗೆ ಕೊಟ್ಟು ಒಂದು ತಿಂಗಳೂ ಆಗಿರಲಿಲ್ಲ. "ಅಮ್ಮಾ, ಈ ಕಾರಿಗೆ ಕಣ್ಣಿದೆ. ಮುಂದೆ ಏನಾದ್ರೂ ಅಡ್ಡ ಬಂದ್ರೆ ತಾನೇ ಬ್ರೇಕ್ ಹಾಕುತ್ತೆ. ವೆರಿ ಸೇಫ್," ಎಂದಿದ್ದಳು. ಕಣ್ಣು ಎಲ್ಲಿದೆ ಎಂದು ನಾನು ಕೇಳಲಿಲ್ಲ. ಲೇಡಿಯಾದವಳು ಕಾರಿನ ಅಂಗಾಂಗಗಳ ಬಗ್ಗೆ ವಿಚಾರಿಸುತ್ತಾಳೆಯೇ?

ಅಂಥ ಕಾರನ್ನು ತೊಳೆದೆ. ಚಕ್ರಗಳಡಿ ನಿಂಬೆಹಣ್ಣು ಇಟ್ಟೆ. ಮುಂಭಾಗದ ನಡುವೆ ಕಂಪನಿಯ ದೊಡ್ಡ ಗುರುತು ಇರುತ್ತದಲ್ಲ, ಅದೇ ಹಣೆ ಎಂದು ತೀರ್ಮಾನಿಸಿ ಗಂಧ, ಅರಿಶಿನ ಕಲಸಿ ಮೆತ್ತಿ, ಮೇಲೆ ಕುಂಕುಮ ಇಟ್ಟೆ.

"ಇಷ್ಟ್ಯಾಕ ದಪ್ಪ ಹಚ್ಚತಿ? ಗ್ವಾಡಿಗೆ ಸಿಮೆಂಟ್ ಗಿಲಾವ್ ಮಾಡಿಧಂಗ!" ಎಂದರು ನಮ್ಮವರು.

ನಮ್ಮವರು ಧಾರವಾಡದವರು. ಸೇತುವೆ ಕಟ್ಟುವ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಕಣ್ಣಿನ ಆಪರೇಷನ್ ಆದ ಮೇಲೆ ಸ್ಟಿಯರಿಂಗ್ ಬಿಟ್ಟುಕೊಟ್ಟು, ಪಕ್ಕದ ಸೀಟಿನಿಂದ ಟೀಕೆ ಮಾಡುವ ಹುದ್ದೆಗೆ ಬಡ್ತಿ ಪಡೆದಿದ್ದಾರೆ.

"ನಾಳೆ ಲಾಂಗ್ ಡ್ರೈವ್ ಉಂಟು ಮಾರಾಯ್ರೇ. ದೇವರ ರಕ್ಷೆ ಬೇಡವಾ?" ಎಂದೆ.

ಲಾಂಗ್ ಡ್ರೈವ್ ಲಾಸ್ ಏಂಜಲೀಸಿಗೆ. ಅಲ್ಲಿಯ ಏರ್‌ಪೋರ್ಟಿಗೆ ಮರುದಿನ ಸಿಸಿಲಿ ಬರುವವಳಿದ್ದಳು. ಮಂಗಳೂರಿನ ಕಾನ್ವೆಂಟಿನಲ್ಲಿ ಒಂದೇ ಬೆಂಚಿನ ಗೆಳತಿ. ಬೆಳಗಿನ ಪ್ರಾರ್ಥನೆಗೆ ಮೊದಲು ನನ್ನ ಹಣೆಯ ದೊಡ್ಡ ಕುಂಕುಮವನ್ನು ಕರ್ಚೀಫಿನಿಂದ ಒರೆಸಿ ಸಣ್ಣದು ಮಾಡಿ, ಸಿಸ್ಟರ್ ಕಣ್ಣಿನಿಂದ ನನ್ನನ್ನು ಕಾಪಾಡುತ್ತಿದ್ದವಳು. ನನ್ನ ಮದುವೆಯಾದ ಮೇಲೆ ನಾವು ಮುಖ ನೋಡಿಕೊಂಡಿಲ್ಲ. ಸಿಯಾಟಲಿನ ಮಗಳ ಮನೆಯಿಂದ ಊರಿಗೆ ಹೊರಟಿದ್ದಳು, ನಡುವೆ ಇಲ್ಲಿ ವಿಮಾನ ಬದಲಿಸಬೇಕು. "ಮೊಣಕಾಲು ಸಾಕಾಯ್ತು ವತ್ಸೀ, ಇನ್ನು ನಾನು ಅಮೆರಿಕಕ್ಕೆ ಬರುವವಳಲ್ಲ. ಮೂರು ಗಂಟೆಯವರೆಗೆ ಹೊರಗೆ ನಿಂತಿರ್ತೇನೆ. ಮತ್ತೆ ಒಳಗೆ ಹೋಗಲೇಬೇಕು," ಎಂದಿದ್ದಳು ಫೋನಿನಲ್ಲಿ.

ಅಂದರೆ, ಈಗ ಇಲ್ಲದಿದ್ದರೆ ಇನ್ನಿಲ್ಲ.

ಬೆಳಿಗ್ಗೆ ಬೇಕಾದಷ್ಟು ಬೇಗನೆ ಹೊರಟೆವು. ಫ್ರೀವೇ ಹತ್ತಿದ್ದೇ ತಡ, "ಟಿಂಗ್!"

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಒಂದು ಕಾರು ಇನ್ನೊಂದಕ್ಕೆ ಮುತ್ತಿಡುತ್ತಿರುವ ಚಿತ್ರ, ನಡುವೆ ನಕ್ಷತ್ರ. ಕೆಳಗೆ "ಸಿಸ್ಟಮ್ ಅನ್‌ಅವೈಲೆಬಲ್" ಎಂಬ ಬರಹ. ಯಾವ ಸಿಸ್ಟಮ್? ಎಲ್ಲಿಗೆ ಹೋಗಿದೆ? ಯಾವಾಗ ಬರುತ್ತದೆ? ಒಂದೂ ಇಲ್ಲ. ನಮ್ಮ ಸಿಸ್ಟರ್ ಇಷ್ಟು ಅಪೂರ್ಣ ವಾಕ್ಯಕ್ಕೆ ಸೊನ್ನೆ ಹಾಕುತ್ತಿದ್ದರು.

"ಆಕ್ಸಿಡೆಂಟ್ ಆಗ್ತದ ಅಂತ ಹೇಳ್ಲಿಕ್ಹತ್ತದ," ಎಂದರು ನಮ್ಮವರು.

"ಬಾಯಲ್ಲಿ ಒಳ್ಳೆ ಮಾತು ಬರುವುದೇ ಇಲ್ಲವಾ ನಿಮಗೆ?"

"ಟೈರಿನಾಗ ಗಾಳಿ ಕಡಿಮಿ ಇರಬೇಕು. ನಿಲ್ಲಿಸು."

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಸೇತುವೆ ಕಟ್ಟಿದ ಕೈಗಳು ಗಾಳಿಯ ಪೈಪು ಹಿಡಿದವು. "ಬುಸ್ಸ್" ಎಂದು ಬಹಳ ಹೊತ್ತು ಸದ್ದಾಯಿತು. ಇಂಜಿನಿಯರ್ ತೃಪ್ತಿಯಿಂದ ಬಂದು ಕುಳಿತರು. ಕಾರು ಸ್ಟಾರ್ಟ್ ಮಾಡಿದೆ. ಮೊದಲಿನ ದೀಪ ಹಾಗೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ದೀಪ ಹತ್ತಿತ್ತು!

ಗಾಳಿ ಹೋದದ್ದು ಒಳಗಲ್ಲ, ಹೊರಗೆ.

ಅದನ್ನು ಸರಿಪಡಿಸುವಷ್ಟರಲ್ಲಿ ನಮ್ಮ ಬಳಿ ಇದ್ದ ಹೆಚ್ಚುವರಿ ಸಮಯ ಖರ್ಚಾಯಿತು. ಎರಡನೆಯ ದೀಪವೇನೋ ಆರಿತು. ಮೊದಲನೆಯದು ಕದಲಲಿಲ್ಲ. ಗತಿಯಿಲ್ಲದೆ, ಕಾರಿನ ಸ್ಪೀಕರಿನಲ್ಲೇ ಶುಭಾಗೆ ಫೋನ್ ಮಾಡಿದೆ.

"ಯೆಲ್ಲೋನಾ, ರೆಡ್ಡಾ?" ಎಂದಳು.

"ಹಳದಿ."

"ಅಮ್ಮಾ, ರಿಸ್ಕ್ ತಗೋಬೇಡ. ಎಕ್ಸಿಟ್ ತಗೊಂಡು ಸ್ಲೋ ಆಗಿ ಮನೆಗೆ ಹೋಗು. ಎಲ್ಎಗೆ ಬೇಡ. ಮಾತು ಕೇಳ್ಲಿಲ್ಲ ಅಂದ್ರೆ ಕೀ ವಾಪಸ್ ಇಸ್ಕೋತೀನಿ, ಐ ಆ್ಯಮ್ ಸೀರಿಯಸ್."

"ಹಲೋ? ಹಲೋ ಶುಭಾ? ಎಂತ ಇದು, ಸಿಗ್ನಲ್ಲೇ ಇಲ್ಲ! ಹಲೋ?" ಎಂದು ಕಾನ್ವೆಂಟ್ ನಾಟಕದಲ್ಲಿ ಬಹುಮಾನ ಪಡೆದ ಧ್ವನಿಯಲ್ಲಿ ಕೂಗಿ, ಬಟನ್ ಒತ್ತಿದೆ.

"ಹೆತ್ತ ಮಗಳಿಗೆ ಎಷ್ಟ್ ಸಲೀಸಾಗಿ ಸುಳ್ಳು ಹೇಳ್ತಿಯಲ್ಲ!" ಎಂದರು ನಮ್ಮವರು.

"ಅಪ್ಪಾ, ಐ ಕ್ಯಾನ್ ಹಿಯರ್ ಯೂ," ಎಂದಿತು ಕಾರು.

ನಾನು ಒತ್ತಿದ್ದು ಧ್ವನಿ ಹೆಚ್ಚಿಸುವ ಬಟನ್! ಈ ಸಲ ಕೈಗೆ ಸಿಕ್ಕ ಬಟನ್‌ಗಳನ್ನೆಲ್ಲ ಒತ್ತಿದೆ. ವೈಪರ್ ಕೂಡ ಓಡಿತು.

ಓಷನ್‌ಸೈಡ್ ಎಂಬ ಊರು ದಾಟಿದೆವು. ಮುಂದೆ ಸೈನ್ಯದ ಜಾಗ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೋಳು ಗುಡ್ಡ, ನಿಲ್ಲಿಸಲು ದಾರಿಯಿಲ್ಲ. ಬಲಗಡೆಯ ಲೇನಿನಲ್ಲಿ ನಾನು ಮೆರವಣಿಗೆಯ ವೇಗದಲ್ಲಿ ಹೋಗುತ್ತಿದ್ದರೆ ಹಿಂದಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಸಿಸಿಲಿಯ ಕಡೆಯಿಂದ ಮೇರಿ ಮಾತೆಯನ್ನೂ ಕರೆದೆ.

ಥಟ್ಟನೆ ದೀಪ ಆರಿಹೋಯಿತು.

"ನೋಡಿದ್ರಾ! ಇದು ನಿನ್ನೆಯ ಪೂಜೆಯ ಫಲ!"

ನಮ್ಮವರು ಮೊದಲ ಬಾರಿಗೆ ಕೈ ಮುಗಿದರು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಾನು ಕೃತಜ್ಞತೆಯುಳ್ಳ ಹೆಂಗಸು. ಸ್ಯಾನ್ ಕ್ಲಮೆಂಟೆಯಲ್ಲಿ ಎಕ್ಸಿಟ್ ತೆಗೆದುಕೊಂಡು ಕಾರಿನ ಮುಂಭಾಗ ನೋಡಿದೆ. ಗಾಳಿಯ ಹೊಡೆತಕ್ಕೆ ಒಣಗಿದ ಗಂಧವೆಲ್ಲ ಉದುರಿ ಹಣೆ ಬೋಳಾಗಿತ್ತು. ಕಾಪಾಡಿದ ದೇವರಿಗೆ ಬೋಳು ಹಣೆಯೇ? ಪರ್ಸಿನಲ್ಲಿ ಅರಿಶಿನ ಕುಂಕುಮದ ಪೊಟ್ಟಣ ಸದಾ ಇರುತ್ತದೆ. ಕುಡಿಯುವ ನೀರಿನಲ್ಲಿ ಕಲಸಿ, ಈ ಬಾರಿ ಉದುರದಂತೆ, ಬೆರಳು ಹೂತುಹೋಗುವಷ್ಟು ಮೆತ್ತಿದೆ.

ಬಂದು ಕೂತು ಹೊರಟೆ. "ಟಿಂಗ್!"

"ಈಗ ಯಾವ ಫಲ ಇದು?" ಎಂದು ಕೇಳಿದರು ನಮ್ಮವರು.

ಇರ್ವೈನ್ ಬಳಿ ಟ್ರಾಫಿಕ್ ಕಟ್ಟಿಕೊಂಡಿತು. ಪ್ರತಿ ಬ್ರೇಕಿಗೂ ಆ ಮುತ್ತಿಡುವ ಕಾರುಗಳು ನನ್ನನ್ನೇ ನೋಡುತ್ತಿದ್ದವು. ಫೋನ್ ಹೊಡೆದುಕೊಂಡಿತು.

"ಎಲ್ಲಿದ್ದಿ ಮಾರಾಯ್ತಿ? ನಾನು ಬಾಗಿಲಿನ ಹೊರಗೆ ನಿಂತಿದ್ದೇನೆ, ನೇರಳೆ ಕಾರ್ಡಿಗನ್."

"ಬಂದೆ ಸಿಸಿಲೀ, ಇಲ್ಲೇ ಹತ್ತಿರ ಇದ್ದೇನೆ!"

ಹತ್ತಿರವೆಲ್ಲಿ! ನಾನು ಹಲ್ಲು ಕಚ್ಚಿ, ಜೀವಮಾನದಲ್ಲಿ ಹೋಗದಿದ್ದ, ಜೋರಾಗಿ ಓಡಿಸುವವರ ಎಡಗಡೆಯ ಲೇನಿಗೆ ನುಗ್ಗಿದೆ. ನಮ್ಮವರು ಬಾಗಿಲಿನ ಹಿಡಿ ಹಿಡಿದು, "ಸೊಲ್ಪ ನಿಧಾನ... ನಾ ಇನ್ನೂ ಇದ್ದೀನಿ," ಎಂದರು.

ಏರ್‌ಪೋರ್ಟಿನ ಸುತ್ತುದಾರಿಗೆ ಬಂದಾಗ ಮೂರಕ್ಕೆ ಏಳೆಂಟು ನಿಮಿಷ ಉಳಿದಿತ್ತು. ಕಾರು, ಬಸ್ಸು, ಸೀಟಿ ಊದುವ ಪೊಲೀಸು. ಅವುಗಳ ನಡುವೆ ಒಂದು ನೇರಳೆ ಕಾರ್ಡಿಗನ್. ಕೂದಲು ಪೂರ್ತಿ ಬೆಳ್ಳಗೆ. ಆದರೆ ಕೈ ಎತ್ತಿ ಬೀಸಿದ ರೀತಿ ಅದೇ. ಮೊಣಕೈ ಸೊಟ್ಟ.

ಇಂಜಿನ್ ಆಫ್ ಮಾಡದೆಯೇ ಇಳಿದು ಓಡಿದೆ. ತಬ್ಬಿಕೊಂಡೆವು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡದ್ದೆಲ್ಲ ಮರೆತು, "ಟಿಫಿನ್ ಆಯ್ತಾ?" ಎಂದು ಕೇಳಿದೆ!

ಸಿಸಿಲಿ ನಕ್ಕು, ನನ್ನ ಭುಜದ ಮೇಲಿನಿಂದ ಕಾರನ್ನು ನೋಡಿದಳು. ನಗು ನಿಂತಿತು.

"ಎಂತದಾ ಇದು ವತ್ಸೀ? ಅದರ ಮುಖ ಯಾಕೆ ಹೀಗೆ? ಕೆಳಗೆ ಸೋರ್ತಾ ಉಂಟಲ್ಲ! ಸಿಸ್ಟರ್ ಈಗ ನೋಡಿದರೆ?"

ಕಾರ್ಡಿಗನ್ನಿನ ತೋಳಿನೊಳಗಿನಿಂದ ಕರ್ಚೀಫ್ ಎಳೆದು, ಬಾಟಲಿಯ ನೀರು ಸುರಿದು, ಹೋಗಿ ಬಗ್ಗಿ ಒರೆಸತೊಡಗಿದಳು. ಮೊಣಕಾಲು ಸಾಕಾದವಳು!

"ಬಿಡು ಸಿಸಿಲೀ, ಟೈಮ್ ಆಯ್ತು!"

"ನಿಲ್ಲು, ನೀಟಾಗಲಿ."

ಒಳಗಿನಿಂದ ನಮ್ಮವರ ಕೂಗು ಕೇಳಿತು. "ಆರಿತು! ಏ, ಆರಿತು ನೋಡು!"

ನಾನು ಕಿಟಕಿಯಲ್ಲಿ ಇಣುಕಿದೆ. ದೀಪವಿಲ್ಲ. ಸಿಸಿಲಿಯ ಕೈಯಲ್ಲಿ ಹಳದಿ ಕರ್ಚೀಫು. ಫಳಫಳ ಹೊಳೆಯುವ ಗುರುತು. ನಮ್ಮವರ ಇಂಜಿನಿಯರ್ ಬುದ್ಧಿ ಅಷ್ಟು ವರ್ಷಗಳ ನಂತರ ಸ್ಟಾರ್ಟ್ ಆಯಿತು.

"ಶುಭಾ ಹೇಳಿದ ಕಣ್ಣು ಇದರ ಹಿಂದ ಅದ ಕಾಣ್ತದ! ನೀ ಅದಕ್ಕ ಗಿಲಾವ್ ಮಾಡಿದಿ!"

ಹಣೆ ಎಂದುಕೊಂಡು ನಾನು ಮೆತ್ತಿದ್ದು ಕಣ್ಣಿಗೆ. ಅದು ದಾರಿಯುದ್ದಕ್ಕೂ ಕಣ್ಣು ಕಾಣಿಸುತ್ತಿಲ್ಲ ಎಂದು ಅಳುತ್ತಿತ್ತು. ನಾನು ಸಮಾಧಾನಕ್ಕೆಂದು ಮತ್ತಷ್ಟು ಮೆತ್ತಿದ್ದೆ!

ಪೊಲೀಸು ನಮ್ಮ ಕಡೆಗೇ ಸೀಟಿ ಊದಿದ. ಸಿಸಿಲಿ ನಗುತ್ತಲೇ ಕರ್ಚೀಫನ್ನು ನನ್ನ ಕೈಗೆ ತುರುಕಿ, ಕೆನ್ನೆ ತಟ್ಟಿ, ಕುಂಟುತ್ತಾ ಹೋದಳು. ಗಾಜಿನ ಬಾಗಿಲ ಬಳಿ ತಿರುಗಿ ಸೊಟ್ಟ ಮೊಣಕೈಯಲ್ಲಿ ಕೈ ಬೀಸಿದಳು. ಬಾಗಿಲು ಮುಚ್ಚಿತು. ಅಷ್ಟೆ. ಸಿಕ್ಕ ನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಕಾರಿನ ಮುಖ ತೊಳೆಯುವುದಕ್ಕೆ ಹೋಗಿತ್ತು.

ಹಿಂದಿರುಗುವಾಗ ಡ್ಯಾಶ್‌ಬೋರ್ಡಿನಲ್ಲಿ ಒಂದೂ ದೀಪವಿರಲಿಲ್ಲ. ನನಗೆ ಮಾತ್ರ ರಸ್ತೆ ಮಂಜುಮಂಜಾಗಿ ಕಾಣುತ್ತಿತ್ತು. ನಮ್ಮವರು ಮೆಲ್ಲಗೆ ಹೇಳಿದರು:

"ಕಾರಿನ ಕಣ್ಣು ಒರಸಿದ್ದಾತು. ಈಗ ನಿನ್ನವೂ ಒರಸಿಕೋ. ಮುಂದ ರೋಡ್ ಕಾಣಬೇಕಲ್ಲ."

ಸಿಗ್ನಲಿನಲ್ಲಿ ನಿಂತಾಗ, ಮಡಿಲಲ್ಲಿದ್ದ ಸಿಸಿಲಿಯ ಕರ್ಚೀಫ್ ತೆಗೆದು ಚೆನ್ನಾಗಿ ಒರೆಸಿಕೊಂಡೆ.

ಮನೆಯ ಮುಂದೆ ಶುಭಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಕೀ ಕೇಳಲು ಬಾಯಿ ತೆರೆದವಳು, ನನ್ನನ್ನು ನೋಡಿ ಹಾಗೇ ನಿಂತಳು. ಕೆನ್ನೆಯೆಲ್ಲ ಅರಿಶಿನ, ಮೂಗಿನ ಮೇಲೆ ಕುಂಕುಮ, ಕಣ್ಣು ಉರಿದು ಕೆಂಪು.

"ಓ ಮೈ ಗಾಡ್! ಅಮ್ಮಾ, ಏನಾಯ್ತು ನಿಂಗೆ?"

ನಾನು ಉತ್ತರಿಸುವ ಮೊದಲೇ ನಮ್ಮವರು ಕಾರಿನಿಂದ ಇಳಿಯುತ್ತಾ ಹೇಳಿದರು:

"ಗಾಬರಿ ಆಗಬ್ಯಾಡ. ಯೆಲ್ಲೋ ಲೈಟ್ ಅಷ್ಟೇ. ಒದ್ದಿ ಬಟ್ಟಿ ತಂದು ಒರಸು, ಸರಿಹೋಗ್ತಾಳ."