ಕಿವಿಯಲ್ಲಿ ಯಶಸ್ಸು, ಟವೆಲ್ಲಿನ ಕೆಳಗೆ ಕೈ

ಬೆಳಿಗ್ಗೆ ಏಳೂವರೆ. ಬೈಲಹೊಂಗಲದ ನಮ್ಮ ಮನೆಯ ಮುಂದೆ ಎಂಟು ಜನ ನಿಂತಿದ್ದಾರೆ. ಗಂಡಸರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಎದುರು ಮನೆಯ ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ. ಓಣಿಯ ಟೇಲರನ ಕೈಯಲ್ಲಿ ಒಂದು ಸೇವಂತಿಗೆ ಹಾರ. ನಾನು ಹೊರಗಿನ ಕಟ್ಟೆಯ ಮೇಲೆ ಬಿಳಿ ಚಾದರ ಹೊದ್ದು ಮಲಗಿದ್ದೇನೆ. ಏನಾಗಿತ್ತು, ಊಹಿಸಿ ನೋಡೋಣ.

ತಪ್ಪು. ಅವರೂ ಅದನ್ನೇ ಊಹಿಸಿದ್ದರು. ಅವರದೂ ತಪ್ಪು.

ನಾನು ಕಾಲೇಜಿನ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಕೆಲಸದಲ್ಲಿದ್ದಷ್ಟು ವರ್ಷವೂ ಹುಡುಗರಿಗೆ ‘ಮಾತಾಡಬ್ಯಾಡ್ರಿ’ ಎಂದು ಹೇಳಿಕೊಂಡೇ ಬಂದೆ. ಅಷ್ಟೂ ವರ್ಷ ಉಳಿಸಿದ ಮಾತನ್ನು ಈಗ ಮನೆಯಲ್ಲಿ, ಓಣಿಯಲ್ಲಿ ಖರ್ಚು ಮಾಡುತ್ತಿದ್ದೇನೆ ಎಂಬುದು ನನ್ನ ಹೆಂಡತಿಯ ದೂರು. ಕಳೆದ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡೆ. ಒಂದು ತಿಂಗಳು ಓದಕೂಡದು ಎಂದರು ಡಾಕ್ಟರು. ಓದುವುದೊಂದೇ ಗೊತ್ತಿರುವ ಮನುಷ್ಯ ಏನು ಮಾಡಬೇಕು? ಮಗಳು ನನ್ನ ಮೊಬೈಲಿಗೆ ಕೇಳುವ ಪುಸ್ತಕಗಳನ್ನು ಹಾಕಿ, ಕಿವಿಗೆ ವಾಯರು ಸಿಕ್ಕಿಸಿ, “ಕತಿ ಕೇಳ್ಕೋತ ಕುಂದ್ರಪಾ” ಎಂದಳು. ನನ್ನ ಬೆರಳು ಎಲ್ಲಿ ತಾಗಿತೋ ಏನೋ, ಕತೆಯ ಬದಲು ಒಬ್ಬ ಮಹಾಶಯರ ದನಿ ಬಂತು: “ನಿಮ್ಮೊಳಗೆ ಒಬ್ಬ ನಾಯಕ ಮಲಗಿದ್ದಾನೆ. ಅವನನ್ನು ಎಬ್ಬಿಸಿ.”

ಆ ನಾಯಕನನ್ನು ಎಬ್ಬಿಸಿದ ಗಳಿಗೆಯಿಂದ ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳು ಒಂದರ ಬೆನ್ನಿಗೆ ಒಂದು ಆಗುತ್ತಲೇ ಬಂದಿವೆ. ಕೇಳುಗನಾಗಿ ನನ್ನ ಪ್ರಾಮಾಣಿಕ ಅಭಿಪ್ರಾಯ ಇಷ್ಟು. ಯಶಸ್ಸು ಕಲಿಸುವ ಪುಸ್ತಕಗಳು ಒಳ್ಳೆಯವೇ. ಓದುವವರ ದನಿಯಂತೂ ಹೋಳಿಗೆಯ ಮೇಲೆ ಬಿಟ್ಟ ತುಪ್ಪ. ಆದರೆ ಅವನ್ನು ಬರೆದವರಲ್ಲಿ ಒಬ್ಬರೂ ನಮ್ಮ ಕಡೆ ಕಾಲಿಟ್ಟಂತಿಲ್ಲ.

ಕಟ್ಟೆಯ ಮೇಲಿನ ನಾಯಕ

ಮೊದಲ ಪುಸ್ತಕದ ಮೊದಲ ಪಾಠ: ಬೆಳಿಗ್ಗೆ ಎದ್ದೊಡನೆ ಇಪ್ಪತ್ತು ನಿಮಿಷ ಅಲುಗಾಡದೆ ಮಲಗಿ, ಯಾರು ಕರೆದರೂ ಓಗೊಡಬೇಡಿ, ನಿಮ್ಮ ಯಶಸ್ಸನ್ನು ಕಣ್ಣಮುಂದೆ ತಂದುಕೊಳ್ಳಿ. ಎದ್ದೊಡನೆ ಮತ್ತೆ ಮಲಗುವುದು ನನಗೆ ಹೊಸತಲ್ಲ. ಹೆಂಡತಿ ಗಿರಣಿಗೆ ಹೋಗಿದ್ದಳು, ಮಗಳು ಕೆಲಸಕ್ಕೆ ಹೋಗಿದ್ದಳು. ಒಂದು ಕಣ್ಣಿಗೆ ಹಸಿರು ಪಟ್ಟಿ ಇತ್ತು, ಇನ್ನೊಂದನ್ನು ನಾನೇ ಮುಚ್ಚಿದೆ. ನೊಣ ಕೂರುತ್ತವೆಂದು ಚಾದರವನ್ನು ಮುಖದವರೆಗೆ ಎಳೆದುಕೊಂಡೆ.

ಹಾಲಿನವಳು ಮೂರು ಸಲ ಕರೆದಳಂತೆ. ನಾಲ್ಕನೆಯ ಸಲ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದಳು. ನಾನು ಯಶಸ್ಸಿನ ಅರ್ಧದಾರಿಯಲ್ಲಿದ್ದೆ, ಮಿಸುಕಲಿಲ್ಲ. ಅವಳು ಓಣಿಯ ತುಂಬ ಸುದ್ದಿ ಹಂಚಿದಳು.

ಪುಸ್ತಕದವರು ಉಸಿರು ತೆಗೆದುಕೊಳ್ಳಲು ನಿಂತಾಗ ಹೊರಗಿನ ಮಾತು ನನ್ನ ಕಿವಿಗೆ ಬಿತ್ತು.

“ಒಳ್ಳೆ ಮನಿಷ್ಯಾ ಇದ್ರು. ಒಬ್ಬರಿಗೆ ಕೆಟ್ಟದ್ದು ಬಯಸಲಿಲ್ಲ,” ಎಂದ ಟೇಲರ.

“ಹೌದಪಾ,” ಎಂದಳು ಎದುರು ಮನೆಯ ಮುದುಕಿ. “ಇನ್ನ ಮ್ಯಾಲೆ ಓಣ್ಯಾಗ ಮಧ್ಯಾಹ್ನ ಒಂದೀಟು ನಿದ್ದಿ ಆಕ್ಕೈತಿ.”

ಎಂಟೂ ಜನ ಹೂಂಗುಟ್ಟಿದರು. ನಾನು ಚಾದರ ಸರಿಸಿ ಎದ್ದು ಕುಳಿತೆ. ಮೂವರು ಓಡಿದರು. ಮುದುಕಿ ಅಲ್ಲೇ ಕುಸಿದು ಕುಳಿತಳು. ಟೇಲರನೊಬ್ಬನೇ ಧೈರ್ಯ ಮಾಡಿ ಹತ್ತಿರ ಬಂದ. “ಹ್ಯಾಂಗೂ ತಂದೇನಿ, ವಾಪಸ್ ತಗೊಳ್ಳಾಂಗಿಲ್ಲ ಅವರು. ಹಾಕ್ಕೊಂಡ ಬಿಡ್ರಿ ಸರ,” ಎಂದು ಹಾರವನ್ನು ನನ್ನ ಕೊರಳಿಗೇ ಹಾಕಿ ಹೋದ.

ಬ್ಯಾಡ ಅಂದದ್ದು

ಈಗ ಮಗಳ ವಿಷಯ ಹೇಳಬೇಕು, ಏಕೆಂದರೆ ಮುಂದಿನ ಪಾಠಗಳನ್ನು ನಾನು ಮಾಡಿ ನೋಡಿದ್ದೇ ಅವಳ ಸಲುವಾಗಿ. ಅವಳು ಬಿ.ಎಸ್ಸಿ. ಮಾಡಿ ಊರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಆ ಲ್ಯಾಬು ಮುಚ್ಚುವುದಿತ್ತು. ಇತ್ತ ರಾಮದುರ್ಗದ ಅವಳ ಸೋದರಮಾವ ಒಬ್ಬ ವರನ ಫೋಟೋವನ್ನು ಕಿಸೆಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದ. ತಾಯಿ ಮಗಳ ನಡುವೆ ಕರಾರು ಆಯಿತು. ಮಗಳು ಹೇಳಿದ್ದು ಇಷ್ಟು:

“ಶ್ರಾವಣದೊಳಗ ನೌಕರಿ ಹಿಡದ್ರ ಎರಡು ವರ್ಷ ನನ್ನ ಮದಿವಿ ಮಾತು ಯಾರೂ ತಗೀಬಾರದು. ಹಿಡೀಲಿಲ್ಲಂದ್ರ ನೀವು ತೋರಿಸಿದವನ ಮುಂದ ಉಪ್ಪಿಟ್ಟಿನ ತಾಟು ಹಿಡದು ನಿಂದರತೇನಿ.”

ಕಿತ್ತೂರಿನ ಕಡೆ ಒಬ್ಬ ಸಾಹುಕಾರರು ಹೊಸದಾಗಿ ಹಾಲಿನ ಡೇರಿ ತೆಗೆಯುತ್ತಿದ್ದರು. ಹಾಲು ಪರೀಕ್ಷೆ ಮಾಡಲು ಅವರಿಗೆ ಒಬ್ಬರು ಬೇಕಾಗಿದ್ದರು. ಆ ಸಾಹುಕಾರರ ಬೀಗನೊಬ್ಬ ಚಚಡಿಯಲ್ಲಿದ್ದ, ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿ. ಒಂದು ಮಾತು ಹೇಳಿಸೋಣವೆಂದು ಅವನ ಮನೆಗೆ ಹೋದೆ.

ಬಸ್ಸಿನಲ್ಲಿ ಕೇಳಿದ ಪಾಠ: ‘ಬೇಡ’ ಎನ್ನಲು ಕಲಿಯಿರಿ. ಗಟ್ಟಿಯಾಗಿ ಹೇಳಿ, ಕಾರಣ ಕೊಡಬೇಡಿ. ಇದನ್ನು ಬರೆದವರಿಗೆ ಒಂದು ಸಂಗತಿ ಗೊತ್ತಿಲ್ಲ. ನಮ್ಮ ಕಡೆ ಚಹಾ ಬ್ಯಾಡ ಎಂದರೆ ಅರ್ಧ ಕಪ್ಪು ಸಾಕು ಎಂದು ಅರ್ಥ. ಎರಡನೆಯ ಸಲ ಬ್ಯಾಡ ಎಂದರೆ ಸಕ್ಕರೆ ಕಡಿಮೆ ಇರಲಿ ಎಂದು. ಮೂರನೆಯ ಸಲಕ್ಕೆ ಯಾರೂ ಹೋಗಿಲ್ಲ. ನಾನು ಹೋದೆ.

“ಚಹಾ ತಗೋರಿ ಸರ.”

“ಬ್ಯಾಡ.”

“ಹಾಲರ ತಗೋರಿ.”

“ಬ್ಯಾಡ.”

“ಮಜ್ಜಿಗಿ?”

“ಬ್ಯಾಡ.”

ಅವನ ತಾಯಿ ಒಳಗಿನಿಂದ ಬಂದು, “ಯಾಕ್ರಿ ಸರ, ನಮ್ಮ ಕಡಿಂದ ಏನರ ತಪ್ಪಾಗೇತೇನ್ರಿ?” ಎಂದು ಕೇಳಿದಳು. ಕಾರಣ ಕೊಡಬಾರದಲ್ಲ, ನಾನು ಸುಮ್ಮನೆ ಅವನ ಮುಖವನ್ನೇ ನೋಡಿದೆ. ಅವನ ಮುಖ ಇಳಿಯಿತು. ಎದ್ದು ಒಳಗೆ ಹೋಗಿ, ಟ್ರಂಕಿನ ತಳದಿಂದ ಒಂದು ಪುಸ್ತಕ ತಂದು ನನ್ನ ಕಾಲ ಹತ್ತಿರ ಇಟ್ಟ. ಕೋಳಿ ಸಾಕಣೆಯ ಪುಸ್ತಕ. ಮೇಲೆ ನಮ್ಮ ಗ್ರಂಥಾಲಯದ ಸಿಕ್ಕಾ, ನನ್ನ ಕೈಬರಹದ ನಂಬರು.

“ನಿಮಗ ಗೊತ್ತಾತು ಅಂತ ನನಗೂ ಗೊತ್ತಾತ್ರಿ,” ಎಂದ. “ಅಂಗೀ ಒಳಗ ಇಟ್ಕೊಂಡು ಒಯ್ದಿದ್ದೆ. ಇಪ್ಪತ್ತು ವರ್ಷದ ಮ್ಯಾಲಾತು. ಈಗರ ಚಹಾ ಕುಡೀರಿ.”

ನಾನು ದಂಗಾಗಿ ಹೋದೆ. ಆ ಪುಸ್ತಕ ಕಳೆದದ್ದಕ್ಕೆ ಪ್ರಿನ್ಸಿಪಾಲರು ನನಗೆ ಮೆಮೊ ಕೊಟ್ಟಿದ್ದರು. ಎರಡು ಕಪ್ಪು ಚಹಾ ಕುಡಿದೆ. ಅವನು ಅಲ್ಲೇ ಸಾಹುಕಾರರಿಗೆ ಫೋನು ಹಚ್ಚಿ ಮಗಳ ಬಗ್ಗೆ ಹೇಳಿದ. ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದ, “ಸರ, ಇನ್ನೊಂದು ಐತ್ರಿ, ಜೇನು ಸಾಕೂದು. ಅದೂ ನಿಮಗ ಗೊತ್ತೈತೋ, ಅದನ್ನ ಇಟ್ಕೊಳ್ಳೋಣೋ?”

ಮೂವತ್ತು ಸೆಕೆಂಡಿನ ಪರಿಚಯ

ಇನ್ನೊಂದು ಪುಸ್ತಕ ಲಿಫ್ಟಿನ ಮಾತು ಕಲಿಸುತ್ತದೆ. ಲಿಫ್ಟಿನಲ್ಲಿ ದೊಡ್ಡವರು ಸಿಕ್ಕರೆ, ಅವರು ಇಳಿಯುವುದರೊಳಗೆ, ಮೂವತ್ತು ಸೆಕೆಂಡಿನಲ್ಲಿ ಪರಿಚಯ ಮುಗಿಸಬೇಕಂತೆ. ನಮ್ಮಲ್ಲಿ ಲಿಫ್ಟು ಎಲ್ಲಿಂದ ತರಲಿ? ಸವದತ್ತಿಯ ಬಸ್ಸು ಇದೆ. ಸಾಹುಕಾರರ ಎದುರು ಮಗಳ ಪರಿಚಯ ಮಾಡಿಕೊಡುವುದು ನನ್ನ ಪಾಲಿಗೆ ಬಂದರೆ ತಡವರಿಸಬಾರದೆಂದು, ಪಕ್ಕದಲ್ಲಿ ಕುಳಿತಿದ್ದ ಹಿರಿಯರ ಮೇಲೆ ತಾಲೀಮು ಮಾಡಿದೆ.

“ನನ್ನ ಮಗಳು. ಬಿ.ಎಸ್ಸಿ. ಹೊತ್ತಿಗೆ ಸರಿಯಾಗಿ ಏಳ್ತಾಳ. ಸಿಟ್ಟು ಇಲ್ಲ. ನಾಕು ಮಂದಿ ಜೋಡಿ ಹೊಂದ್ಕೊಂಡು ಹೋಗ್ತಾಳ. ಜವಾಬ್ದಾರಿ ಹೊರಾಕ ತಯಾರಿದಾಳ. ನಿಮ್ಮಂಥವರ ಕಡೆ ಬಂದ್ರ ನಿಮಗ ಒಳ್ಳೇದಾಕ್ಕೈತಿ.”

ಹಿರಿಯರು ಬಹಳ ಆಸಕ್ತಿಯಿಂದ ಕೇಳಿದರು. ಎತ್ತರ ಎಷ್ಟು ಎಂದರು. ಡೇರಿಯ ಕೆಲಸಕ್ಕೆ ಎತ್ತರ ಯಾಕೆ ಎಂದು ನನಗೆ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಎತ್ತರ ಹೇಳಿದೆ. ವಿಳಾಸ ಕೇಳಿದರು, ಅದನ್ನೂ ಕೊಟ್ಟೆ.

ರವಿವಾರ ಮಧ್ಯಾಹ್ನ ಮನೆಯ ಮುಂದೆ ಒಂದು ಜೀಪು ನಿಂತಿತು. ಹಿರಿಯರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೊನೆಗೆ ಇಸ್ತ್ರಿ ಅಂಗಿ ಹಾಕಿದ ಮಗ ಇಳಿದರು. ಮಗಳು ಬಾಗಿಲಲ್ಲಿ ನಿಂತು ಒಮ್ಮೆ ಜೀಪು, ಒಮ್ಮೆ ನನ್ನನ್ನು ನೋಡಿದಳು.

“ಅಪ್ಪಾ, ಏನ ಮಾಡೀ?”

“ಪರಿಚಯ ಮಾಡೇನಿ.”

“ಕರಾರು ಯಾರ ಜೋಡಿ ಆಗಿತ್ತು, ಅವ್ವನ ಜೋಡಿ. ಮುರದವ ನೀ.”

ಬಂದವರನ್ನು ಹಾಗೇ ಕಳಿಸಲಿಕ್ಕಾಗುತ್ತದೆಯೇ? ಹೆಂಡತಿ ಉಪ್ಪಿಟ್ಟು ಮಾಡಿದಳು. ಅವಳ ಮುಖದಲ್ಲಿ ಮಾತ್ರ ನಗು ಹಿಡಿಸದಷ್ಟು ಇತ್ತು. ಮಗಳು ತಾಟು ಮುಟ್ಟಲಿಲ್ಲ. ನಾನೇ ತಾಟು ಹಿಡಿದು ಎಲ್ಲರ ಮುಂದೆ ನಿಂತೆ, ನಡೆದದ್ದನ್ನು ಬಿಡಿಸಿ ಹೇಳಿದೆ. ಹುಡುಗನ ತಾಯಿ ಎಲ್ಲ ಕೇಳಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇರ್ಲಿ ಬಿಡ್ರಿ, ಉಪ್ಪಿಟ್ಟು ಚಲೋ ಆಗೇತಿ. ನೀವು ನಡಿಯೂದೂ ಚಂದ ಐತಿ,” ಎಂದರು.

ಕೈ ಕುಲುಕಿದ್ದು

ಕೊನೆಗೆ ಸಾಹುಕಾರರಿಂದ ಕರೆ ಬಂತು. ಡೇರಿಗೆ ಎಮ್ಮೆ ಕೊಳ್ಳಲು ನಮ್ಮೂರ ದನದ ಸಂತೆಗೆ ಬರುತ್ತಾರಂತೆ, ಅಲ್ಲೇ ಭೇಟಿಯಾಗಿ ಎಂದರು. ಮಗಳು ಸರ್ಟಿಫಿಕೇಟು, ಕರಿ ಛತ್ರಿ ಹಿಡಿದು ಹೊರಟಳು. “ನೀ ಬರೂದಾದ್ರ ಬಾ, ಬಾಯಿ ತಗೀಬ್ಯಾಡ,” ಎಂದಳು. ಒಪ್ಪಿದೆ. ಬಾಯಿ ಬೇಕಾಗಿಯೂ ಇರಲಿಲ್ಲ. ಅವತ್ತು ಮುಂಜಾನೆ ಕೇಳಿದ ಪಾಠ ಕೈಯದು: ಮೊದಲ ಭೇಟಿಯಲ್ಲಿ ಇಡೀ ಅಂಗೈ ಹಿಡಿದು ಗಟ್ಟಿಯಾಗಿ ಮೂರು ಸಲ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನೀವಾಗಿ ಮೊದಲು ಕೈ ಬಿಡಬೇಡಿ.

ದನದ ಸಂತೆಯ ವ್ಯಾಪಾರ ನೋಡಿದವರಿಗೆ ಗೊತ್ತು, ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವರು, ಮಾರುವವರು ಕೈಗಳ ಮೇಲೆ ಟವೆಲ್ಲು ಹಾಕಿಕೊಂಡು, ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಎಮ್ಮೆಗಾದರೆ ಒಂದು ಬೆರಳಿಗೆ ಹತ್ತು ಸಾವಿರದ ಲೆಕ್ಕ: ಎರಡು ಬೆರಳು ಹಿಡಿದರೆ ಎರಡು, ಇಡೀ ಅಂಗೈ ಹಿಡಿದರೆ ಐದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ನಾನೂ ನೋಡಿದ್ದೆ. ಆದರೆ ಪುಸ್ತಕ ಕಿವಿಯಲ್ಲಿದ್ದಾಗ ಕಂಡದ್ದೆಲ್ಲ ಎಲ್ಲಿ ನೆನಪಿರುತ್ತದೆ?

ಮಗಳು ಕಟ್ಟಿದ ಎಮ್ಮೆಗಳ ಕಡೆ ನೋಡುತ್ತ ಹಿಂದುಳಿದಳು. ಸಾಹುಕಾರರು ಬೇವಿನ ಮರದ ಕೆಳಗೆ ನಿಂತಿದ್ದರು. ಎಮ್ಮೆಯ ಮಾಲೀಕ ನೀರು ಕುಡಿಯಲು ಹೋಗಿದ್ದ. ಅವನಿಗಾಗಿ ಕಾಯುತ್ತ ಇವರು ಟವೆಲ್ಲು ಹೊದಿಸಿದ ಬಲಗೈಯನ್ನು ಮುಂದೆ ಚಾಚಿಕೊಂಡೇ ಇದ್ದರು. ನಾನು ನೇರ ಹೋಗಿ ಆ ಕೈಯನ್ನು ಹಿಡಿದೆ. ಇಡೀ ಅಂಗೈ. ಮೂರು ಸಲ.

ಸಾಹುಕಾರರು ನನ್ನ ಮುಖ ನೋಡಿದರು, ಮಾಲೀಕ ಕಳಿಸಿದ ದಲಾಲಿ ಎಂದುಕೊಂಡರೇನೋ. ನಾನು ಕಣ್ಣಲ್ಲಿ ಕಣ್ಣಿಟ್ಟೆ. ಅವರು ಮೆಲ್ಲಗೆ ನನ್ನ ಎರಡು ಬೆರಳು ಹಿಡಿದರು. ದೊಡ್ಡವರ ರೀತಿಯೇ ಬೇರೆ ಎಂದುಕೊಂಡು ಮತ್ತೆ ಇಡೀ ಅಂಗೈ ಹಿಡಿದೆ. ಅವರು ಮೂರು ಬೆರಳು ಹಿಡಿದರು. ನಾನು ಅಂಗೈ. ಅವರ ಹಣೆಯ ಮೇಲೆ ಬೆವರು ಬಂತು. ನಾಲ್ಕು ಬೆರಳು ಹಿಡಿದರು. ನಾನು ಅಂಗೈ ಹಿಡಿದವನು ಬಿಡಲೇ ಇಲ್ಲ, ಮೊದಲು ಬಿಡಬಾರದಲ್ಲ.

“ಆತ ಬಿಡ್ರಿ ಮಾರಾಯರ,” ಎಂದು ಸಾಹುಕಾರರು ಟವೆಲ್ಲು ತೆಗೆದು ಹೆಗಲಿಗೆ ಎಸೆದರು. “ಐದಕ್ಕ ಮುಗೀತು. ಇಷ್ಟು ಗಟ್ಟಿ ಮನಿಷ್ಯಾನ್ನ ನಾ ಯಾವ ಸಂತ್ಯಾಗೂ ನೋಡಿಲ್ಲ. ಎಲ್ಲೈತಿ, ಹೊಡಕೊಂಡ ಬರ್ರಿ.”

“ಹೊಡಕೊಂಡ್ಯಾಕ್ರಿ, ಆಕೀನ ನಡಕೋತ ಬರ್ತಾಳ,” ಎಂದೆ. “ಬಿ.ಎಸ್ಸಿ. ಆಗೇತಿ.”

ಅಷ್ಟರಲ್ಲಿ ಎಮ್ಮೆಯ ನಿಜವಾದ ಮಾಲೀಕ ಮೀಸೆ ಒರೆಸಿಕೊಳ್ಳುತ್ತ ಬಂದ. ಐದು ಎಂಬುದು ಅವನ ಕಿವಿಗೂ ಬಿದ್ದಿತ್ತು. ಅವನು ಕನಸಿನಲ್ಲೂ ಮೂರು ದಾಟಿರಲಿಲ್ಲ.

“ಕೈಯಾಗ ಕೈ ಕೊಟ್ಟು ಮುಗಿಸೀರಿ ಸಾವಕಾರ್ರ. ಎಲ್ಲಾರೂ ನೋಡ್ಯಾರ. ಈಗ ಹಿಂದ ಸರದ್ರ ಹ್ಯಾಂಗ?”

“ಅದು ನಿನ್ನ ಕೈ ಅಲ್ಲಲೇ.”

“ಎಮ್ಮಿ ನಂದೈತಲ್ರಿ.”

ಸುತ್ತ ಜನ ಸೇರಿದರು. ಕೈ ಯಾರದಾದರೇನು, ಟವೆಲ್ಲಿನ ಕೆಳಗೆ ಆದ ಮಾತು ಮಾತೇ ಎಂದು ಇಬ್ಬರು ಹಿರಿಯರು ನ್ಯಾಯ ಹೇಳಿದರು. ಸಾಹುಕಾರರು ನನ್ನ ಕಡೆ ತಿರುಗಿ, “ನಿಮ್ಮ ಮಗಳಿಗೆ ನಾ ನೌಕರಿ ಕೊಡಬೇಕೇನ್ರಿ?” ಎಂದರು. ರಾಮದುರ್ಗದ ಫೋಟೋ ಕಿಸೆಯಿಂದ ಹೊರಬಂದು ನನ್ನ ಮುಂದೆ ನಿಂತಂತಾಯಿತು.

“ಕೊಡೂದು ಬಿಡೂದು ಆಮ್ಯಾಲೆ ನೋಡೋಣ್ರಿ. ಮೊದಲ ಇದನ್ನ ನೋಡ್ರಿ,” ಎಂಬ ದನಿ ಹಿಂದಿನಿಂದ ಬಂತು. ಮಗಳು. ಅವಳ ಕೈಯಲ್ಲಿ ಅರ್ಧ ಬಿಚ್ಚಿದ ಛತ್ರಿ. ಅದೇ ಎಮ್ಮೆಯನ್ನು ಕಾಯುತ್ತಿದ್ದ ಹೆಣ್ಣುಮಗಳಿಂದ ನಾಲ್ಕು ಧಾರೆ ಹಾಲನ್ನು ಛತ್ರಿಯ ಕರಿ ಬಟ್ಟೆಯ ಮೇಲೆ ಕರೆಸಿಕೊಂಡು ಬಂದಿದ್ದಳು. ಕರಿಯ ಮೇಲೆ ಹಾಲು ಬೆಳ್ಳಗೆ ಹರಿದಿತ್ತು, ನಡುನಡುವೆ ಸಣ್ಣ ಸಣ್ಣ ಗಡ್ಡೆ.

“ಕೆಚ್ಚಲ ಬಾವು ಶುರುವಾಗೇತಿ. ಇದರ ಹಾಲು ಡೇರಿಗೆ ಬಂದ್ರ ಉಳದ ಹಾಲೂ ಕೆಡತೈತಿ,” ಎಂದಳು. ಮಾಲೀಕನ ಕಡೆ ತಿರುಗಿ, “ನಿಮಗ ಗೊತ್ತಿರಾಕಿಲ್ಲ ಕಾಕಾ. ದನದ ಡಾಕ್ಟರಿಗೆ ತೋರಸ್ರಿ, ಔಷಧ ಕೊಟ್ರ ಆರಾಮ ಆಕ್ಕೈತಿ,” ಎಂದಳು.

ಮಾಲೀಕ ಛತ್ರಿಯನ್ನು ಬಗ್ಗಿ ನೋಡಿದ. ನ್ಯಾಯ ಹೇಳಿದ ಹಿರಿಯರೂ ನೋಡಿದರು. ರೋಗದ ದನಕ್ಕೆ ಕೊಟ್ಟ ಮಾತು ನಡೆಯುವುದಿಲ್ಲ ಎಂದು ಈಗ ಅವರೇ ಹೇಳಿದರು. ಮಾಲೀಕ ಎಮ್ಮೆಯ ಹಗ್ಗ ಬಿಚ್ಚಿದ.

ಸಾಹುಕಾರರೂ ಬಗ್ಗಿ ಛತ್ರಿ ನೋಡಿದರು. ಆಮೇಲೆ ಸರ್ಟಿಫಿಕೇಟು ನೋಡಲೇ ಇಲ್ಲ. “ಸೋಮವಾರದಿಂದ ಬಾ ತಂಗಿ. ಪಗಾರ ಏನು ತಗೋತಿ, ಹೇಳು,” ಎಂದರು.

ಮಗಳು ನನ್ನನ್ನು ನೋಡಿದಳು. ಆ ನೋಟ ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಸಾಹುಕಾರರ ಹೆಗಲಿನ ಟವೆಲ್ಲನ್ನು ತೋರಿಸಿ, “ಸಂತ್ಯಾಗ ಬಾಯ್ಲೆ ಹೇಳೂ ಪದ್ಧತಿ ಇಲ್ಲಲ್ರಿ. ನನ್ನ ಪರವಾಗಿ ನಮ್ಮ ಅಪ್ಪಾ ಕೈ ಕೊಡ್ತಾನ,” ಎಂದಳು.

ಸಾಹುಕಾರರು ಬಲಗೈಯನ್ನು ಬೆನ್ನ ಹಿಂದೆ ಒಯ್ದು, ಎರಡು ಹೆಜ್ಜೆ ಹಿಂದೆ ಸರಿದರು. “ಬ್ಯಾಡವಾ. ನೀ ಬಾಯ್ಲೇ ಹೇಳು, ಎಷ್ಟು ಹೇಳ್ತಿ ಅಷ್ಟು. ಇವರ ಕೈ ಒಂದು ನನಗ ಮತ್ತ ಮುಟ್ಟಸಬ್ಯಾಡ.”

ಮಗಳು ಹೇಳಿದಳು. ಅವರು ಹೂಂ ಎಂದರು. ಅದು ಕಾರಹುಣ್ಣಿಮೆಯ ಹಿಂದಿನ ದಿನ, ಮಂಗಳವಾರ. ಶ್ರಾವಣಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು.