ಬೇಲಿಗೆ ಅಂಟಿದ ಮುಖಪುಟ

ನಮ್ಮ ಪಕ್ಕದ ಮನೆಯಾತನನ್ನು ನಂಬುವುದಾದರೆ, ಇಂಗ್ಲೆಂಡಿನ ಈ ಹಾರ್ಬೋರ್ನಿನಲ್ಲಿ ನನಗಿಂತ ಅಪಾಯದ ಹೆಂಗಸು ಇನ್ನೊಬ್ಬಳಿಲ್ಲ! ನಾನು ಮಾಡಿದ್ದಾದರೂ ಏನು? ಒಗ್ಗರಣೆಗೆ ನಾಲ್ಕು ಒಣಮೆಣಸಿನಕಾಯಿ ಹಾಕಿದ್ದೆ. ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಮರುದಿನ ನಡುವಿನ ಬೇಲಿಯ ಮೇಲೆ ದೊಡ್ಡದೊಂದು ಹಾಳೆ, ಅಂಗೈಯಗಲದ ಕೆಂಪು ಅಕ್ಷರ. ನನಗೆ ಇಂಗ್ಲಿಷ್ ಓದಲು ಬಾರದು, ಸೊಸೆ ಓದಿದಳು: "ಅಜ್ಜಿಯ ಅಡುಗೆಮನೆಯಲ್ಲಿ ವಿಷಾನಿಲ! ಬೀದಿ ತತ್ತರ!"

ಅದನ್ನು ಹರಿದುಕೊಂಡು ನೇರ ಆತನ ಬಾಗಿಲಿಗೇ ಹೋದೆ.

"ನಿಮ್ಮ ಮನಿ ಸಾಸೇಜ್ ನಾತಕ್ಕ ನಾ ಎಷ್ಟು ದಿನಾ ಮೂಗು ಮುಚ್ಕೊಂಡೇನಿ, ಗೊತ್ತದ ಏನು?"

ಆತನ ಮುಖ ಅರಳಿತು. "ಅಜ್ಜೀ, ಇದು ಸುದ್ದಿ!"

ಸಂಜೆಯೊಳಗೆ ಬೇಲಿಯ ಮೇಲೆ ಹೊಸ ಹಾಳೆ: "ಸಾಸೇಜ್ ಹಗರಣ: ಕೊನೆಗೂ ಬಾಯ್ಬಿಟ್ಟ ಅಜ್ಜಿ!"

ಆತನ ಇಂಗ್ಲಿಷೂ ನನ್ನದೂ ಅಷ್ಟಕ್ಕಷ್ಟೇ. ಅದಕ್ಕೇ ನಮ್ಮಿಬ್ಬರಿಗೆ ಚೆನ್ನಾಗಿ ತಿಳಿಯುತ್ತದೆ. ಮಗಳು ಇಲ್ಲಿ ನರ್ಸ್ ಆಗಿರುವುದರಿಂದ ರುಮೇನಿಯಾ ಬಿಟ್ಟು ಬಂದಿದ್ದಾನೆ. ಊರಲ್ಲಿ ಒಂದು ಗಾಳಿಸುದ್ದಿ ಪೇಪರಿಗೆ ತಲೆಬರಹ ಬರೆಯುವುದೇ ಆತನ ಕಸುಬು. ಮೊದಲು ಅಲ್ಲಿ ಸರ್ಕಾರದ ಪೇಪರ್ ಮಾತ್ರವಂತೆ. ದಿನವೂ ದೇಶ ಆಳುವ ದೊಡ್ಡವನ ಅದೇ ಫೋಟೋ, ಅದೇ ಚಪ್ಪಾಳೆ. ಆ ಸರ್ಕಾರ ಬಿದ್ದದ್ದೇ ತಡ, ಗಲ್ಲಿಗೊಂದು ಪೇಪರ್ ಹುಟ್ಟಿತು, ಇವರದೂ ಹುಟ್ಟಿತು. ದೆವ್ವ, ನಟಿಯರ ಮದುವೆ, ಮಂತ್ರಿಯ ಎರಡನೆಯ ಮನೆ, ಎರಡು ತಲೆಯ ಕರು! ಜನ ಬ್ರೆಡ್ಡಿಗಿಂತ ಮೊದಲು ಇದಕ್ಕೆ ಸಾಲು ನಿಂತರಂತೆ.

"ಎಲ್ಲಾ ಖರೇನೇ ಏನ್ರಿ?"

"ಕರು ನಿಜ. ಒಂದು ತಲೆ ಮಾತ್ರ ನಾವು ಸೇರಿಸಿದ್ದು."

ಆಮೇಲೆ ಪುಟಕ್ಕೆ ಬಣ್ಣ ಬಂತು, ಹೊಸ ಮಾಲೀಕ ಬಂದ, ಕೊನೆಗೆ ಎಲ್ಲರ ಕೈಗೂ ಫೋನ್ ಬಂತು. ಸುಳ್ಳು ಪುಕ್ಕಟೆ ಸಿಗುವಾಗ ಕಾಸು ಕೊಟ್ಟು ಕೊಳ್ಳುವವರು ಯಾರು? ಒಂದು ಬೆಳಿಗ್ಗೆ ಆತ ಹೋದರೆ ಕಚೇರಿಗೆ ಬೀಗ. ಕೊನೆಯ ಸಂಚಿಕೆಯಲ್ಲಿ ಓದುಗರಿಗೆ 'ಹೋಗಿ ಬರುತ್ತೇವೆ' ಎಂಬ ಒಂದು ಸಾಲೂ ಇರಲಿಲ್ಲವಂತೆ.

"ಊರಿನವರ ಸಾವೆಲ್ಲ ಮುಖಪುಟಕ್ಕೆ ಹಾಕಿದ್ವಿ ಅಜ್ಜೀ. ನಮ್ಮ ಪೇಪರ್ ಸತ್ತಾಗ ಯಾರೂ ಒಂದು ಮೂಲೆಗೂ ಹಾಕಲಿಲ್ಲ."

ಈ ಮಾತನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. "ರದ್ದಿಗೆ ಅಳೂದೇನು ಬಂತು?" ಎಂದು ನಾನು ಎದ್ದು ಬರುತ್ತಿದ್ದೆ.

ಬೇಲಿಯ ಪೇಪರ್ ಮಾತ್ರ ನಿಲ್ಲಲಿಲ್ಲ. ಎದುರುಮನೆಯ ಬೆಕ್ಕು ಒಂದು ದಿನ ಕಾಣದಿದ್ದಾಗ "ಬೆಕ್ಕು ಮಾಯ! ಅನ್ಯಗ್ರಹದವರ ಕೈವಾಡ?" ಎಂದು ಬರೆದ. ಬೆಕ್ಕು ನಮ್ಮ ಶೆಡ್ಡಿನಲ್ಲಿ ಮಲಗಿತ್ತು! ಕೇಳಿದರೆ, "ಪ್ರಶ್ನೆ ಚಿಹ್ನೆ ಹಾಕಿದ್ದೇನಲ್ಲ, ಸುಳ್ಳು ಹೇಗಾಗುತ್ತದೆ?" ಎಂದ.

ಮೊನ್ನೆ ಮೊಮ್ಮಗಳು ಡ್ರೈವಿಂಗ್ ಟೆಸ್ಟ್ ಪಾಸಾದಳು. ಗೋಧಿ ಕುಟ್ಟಿ, ಬೆಲ್ಲ, ಗಸಗಸೆ, ಕೊಬ್ಬರಿ ಹಾಕಿ ಹುಗ್ಗಿ ಮಾಡಿದೆ. ಒಂದು ಬಟ್ಟಲು ಪಕ್ಕದ ಮನೆಗೂ ಒಯ್ದೆ. ಬಟ್ಟಲು ನೋಡಿದ್ದೇ ಆತ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

"ಯಾರು ಹೋದರು ಅಜ್ಜೀ?"

"ಥೂ ನಿಮ್ಮ! ಹುಡುಗಿ ಪಾಸಾಗ್ಯಾಳ್ರಿ! ಇನ್ನೂ ಯಾರ ಮ್ಯಾಲೂ ಕಾರ್ ಹತ್ತಿಸಿಲ್ಲ!"

ಒಳಗಿಂದ ಬಂದ ಆತನ ಮಗಳು ನಕ್ಕು ಬಿಡಿಸಿ ಹೇಳಿದಳು. ಅವರಲ್ಲಿ ಬೇಯಿಸಿದ ಸಿಹಿ ಗೋಧಿ ಸತ್ತವರಿಗಾಗಿ ಮಾಡುವುದಂತೆ, ಅವರ ಹೆಸರಿನಲ್ಲಿ ತಿನ್ನುವುದಂತೆ.

ನಾನೂ ನಗುವವಳಿದ್ದೆ. ಆತ ಬಟ್ಟಲನ್ನೇ ನೋಡುತ್ತ ನಿಂತಿದ್ದ. ಯಾರನ್ನು ನೆನೆಯುತ್ತಿದ್ದಾನೆ ಎಂದು ಕೇಳಬೇಕೇ?

"ತಿನ್ರಿ," ಎಂದೆ. "ಮೊದಲ ತುತ್ತು ನಿಮ್ಮ ಪೇಪರಿನ ಹೆಸರಿಲೆ. ಉಳಿದದ್ದು ನಮ್ಮ ಹುಡುಗಿ ಹೆಸರಿಲೆ." ನಮ್ಮ ಊರಲ್ಲಾಗಿದ್ದರೆ ಅಪಶಕುನ ಎಂದು ನನ್ನನ್ನು ಬೈಯುತ್ತಿದ್ದರು. ಬೈಯಲಿ! ಆತ ಪೇಪರಿನ ಹೆಸರು ಹೇಳಿ, ನಿಂತೇ ತಿಂದ.

ಮರುದಿನ ಬೇಲಿಯ ಮೇಲೆ ಸಣ್ಣದೊಂದು ಚೀಟಿ. ಕೆಂಪಿಲ್ಲ, ಕೂಗಿಲ್ಲ, ಇರುವೆಯಂಥ ಅಕ್ಷರ. ಸೊಸೆ ಬಗ್ಗಿ ಓದಿದಳು: "ನಮ್ಮ ಪೇಪರ್ ತೀರಿಕೊಂಡಿತು. ಪಕ್ಕದ ಮನೆಯವರು ಗೋಧಿ ಬೇಯಿಸಿದ್ದರು."

ಅದೊಂದನ್ನು ನಾನು ಹರಿಯಲಿಲ್ಲ. ಮೋಡ ಕವಿದಿತ್ತು. ಒಳಗಿಂದ ಪ್ಲಾಸ್ಟಿಕ್ ಹಾಳೆ ತಂದು ಅದರ ಮೇಲೆ ಹೊದಿಸಿ, ನಾಲ್ಕೂ ಮೂಲೆಗೆ ಪಿನ್ ಚುಚ್ಚಿ ಬಂದೆ.